ಎತ್ತಿದವರಿಗೆ ಅರ್ಧ

ಮಳೆಗಾಲದಲ್ಲಿ ರಬ್ಬರ್ ತೋಟಕ್ಕೆ ಕೆಲಸವಿಲ್ಲ. ತೊಗಟೆಗೆ ಕತ್ತಿ ಹಾಕಿದರೂ ಇಳಿಯುವ ಹಾಲು ನೀರಿನ ಜೊತೆ ಬುಡಕ್ಕೆ ಹರಿದು ಮಣ್ಣುಪಾಲಾಗುತ್ತದೆ. ಅಜ್ಜಾವರದ ಆಚೆಗಿದ್ದ ಆ ತೋಟದಲ್ಲಿ ಎಂಬತ್ತಮೂರನೆಯ ಇಸವಿಯ ಜೂನ್ ಮೊದಲ ವಾರಕ್ಕೇ ಟ್ಯಾಪಿಂಗ್ ನಿಂತಿತು. ಕೆಲಸದವರು ತಂತಮ್ಮ ಊರಿನ ಗದ್ದೆಗಳಿಗೆ ಹೊರಟುಹೋದರು. ಹಾಲು ತೂಗುವ ಶೀಲಾವತಿಗೆ ತೂಗಲು ಏನೂ ಉಳಿಯಲಿಲ್ಲ.

ಅವಳಿಗೆ ಆಗ ಮೂವತ್ತಾರು. ಹನ್ನೊಂದು ವರ್ಷದಿಂದ ಒಂದೇ ಕೆಲಸ: ಟ್ಯಾಪರುಗಳು ತಂದ ಬಕೆಟನ್ನು ತಕ್ಕಡಿಗೆ ಏರಿಸುವುದು, ಮುಳ್ಳು ನಿಂತದ್ದನ್ನು ನೋಡಿ ಪುಸ್ತಕದಲ್ಲಿ ಬರೆಯುವುದು. ಯಾರ ಕೈ ಎಷ್ಟು ಒಳ್ಳೆಯದು ಎಂದು ದಿನಾ ಬರೆಯುವವಳ ಕೈಗೆ ಏನು ಬರುತ್ತದೆಂದು ಯಾರೂ ಕೇಳಿದವರಿಲ್ಲ. ಮನೆಯಲ್ಲಿ ಇದ್ದದ್ದು ಅಕ್ಕ ತಿಮ್ಮಕ್ಕ ಒಬ್ಬಳೇ, ಗಂಡ ತೀರಿಹೋದ ಮೇಲೆ ತಂಗಿಯ ಜೊತೆ ಬಂದು ನಿಂತವಳು.

ಆಟವನ್ನು ತಂದವನು ತೋಟದ ಕಾವಲಿನ ಕುಶಾಲಪ್ಪ. ಕೊಲ್ಲಮೊಗ್ರಿನ ಕಡೆಯವನು, ಮಿಲಿಟರಿ ಬಿಟ್ಟು ಬಂದವನು, ಐವತ್ತರ ಹತ್ತಿರದ ಒಂಟಿ ಮನುಷ್ಯ. ಒಂದು ಭಾನುವಾರ ಮಧ್ಯಾಹ್ನ ತೋಟದ ಗೇಟಿನ ಪಕ್ಕದ ಬೀಫಾತುಮ್ಮನ ಚಾದಂಗಡಿಯಲ್ಲಿ ಅವನು ಹಳೆಯ ಬಿಳಿ ಹೊದಿಕೆಯೊಂದನ್ನು ಬೆಂಚಿನ ಮೇಲೆ ಹಾಸಿದ. ಅದರ ಮೇಲೆ ನೀಲಿ ಪೆನ್ಸಿಲಿನಲ್ಲಿ ಬರೆದ ಕೋಟೆ. ಒಂದರೊಳಗೊಂದು ಏಳು ಗೋಡೆ, ಏಳು ಬಾಗಿಲು, ನಡುವೆಲ್ಲ ಚೌಕಗಳು.

"ನಿಮಗೆ ಒಬ್ಬೊಬ್ಬ ಆಳು. ಆಳಿಗೆ ಒಂದು ಆಯುಧ," ಎಂದ ಕುಶಾಲಪ್ಪ. "ಬಾಗಿಲು ಕಾಯುವವರ ಹತ್ತಿರ ಕಾದಾಡುದು, ಒಳಗೆ ಹೋಗುದು. ಅಷ್ಟೇ."

"ಚೆನ್ನೆಮಣೆಯ ಹಾಗೆಯಾ?" ಎಂದಳು ಬೀಫಾತುಮ್ಮ, ಗ್ಲಾಸು ತೊಳೆಯುತ್ತ.

"ಅಲ್ಲ. ಚೆನ್ನೆಮಣೆಯಲ್ಲಿ ಆಟ ಮುಗಿದರೆ ಎಲ್ಲ ಮುಗಿಯಿತು. ಇದರಲ್ಲಿ ಕಲಿತದ್ದು ಉಳಿಯುತ್ತದೆ."

ಅವನು ಎಂಟು ಸೀಳು ಹುಣಿಸೆ ಬೀಜಗಳನ್ನು ತೆಗೆದ. ಒಂದು ಮೈ ಕಪ್ಪು, ಒಂದು ಮೈ ಬಿಳಿ. ಎಸೆದಾಗ ಎಷ್ಟು ಬಿಳಿ ಬೀಳುತ್ತದೋ ಅಷ್ಟು ನಿನ್ನ ಪೆಟ್ಟಿನ ಬಲ. ಅದಕ್ಕೆ ನಿನ್ನ ಪಳಗು ಸೇರಿಸಬೇಕು. ಪಳಗು ಎಂದರೆ ಆ ಆಯುಧ ಕೈಗೆ ಎಷ್ಟು ಒಗ್ಗಿದೆ ಎನ್ನುವ ಲೆಕ್ಕ. ಮೂರು ಸಲ ಗೆದ್ದರೆ ಪಳಗು ಒಂದು ಮೆಟ್ಟಿಲು ಏರುತ್ತದೆ. ಆ ಆಯುಧವನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ವಾರಕ್ಕೊಂದು ಮೆಟ್ಟಿಲು ಇಳಿಯುತ್ತದೆ. ಮೂರು ಸಲ ಸಾಲಾಗಿ ಸೋತರೆ ಆಳು ಬಿದ್ದ. ಬಿದ್ದವನ ಆಯುಧವನ್ನು ಪಕ್ಕದ ಚೌಕದಲ್ಲಿ ನಿಂತವರು ಎತ್ತಿಕೊಳ್ಳಬಹುದು.

"ಎತ್ತಿದವರಿಗೆ ಅವನ ಪಳಗಿನಲ್ಲಿ ಅರ್ಧ ಬರುತ್ತದೆ," ಎಂದ ಕುಶಾಲಪ್ಪ. "ಉಳಿದರ್ಧ ಮಣ್ಣಿಗೆ."

ಬೀಫಾತುಮ್ಮನೂ ಶೀಲಾವತಿಯೂ ಆಟಕ್ಕೆ ಕೂತರು. ನಾಲ್ಕನೆಯವನು ಡೊಂಬಯ್ಯ. ಊರಿಗೆ ಹೋಗದೆ ಉಳಿದ ಒಬ್ಬನೇ ಟ್ಯಾಪರ್. ಹೋಗಲು ಅವನಿಗೆ ಗದ್ದೆಯೇ ಇರಲಿಲ್ಲ. ತೋಟದಲ್ಲಿ ಅವನಂಥ ಕೈ ಇನ್ನೊಂದಿಲ್ಲ. ಬೆಳಗಾಗುವುದರೊಳಗೆ ಮುನ್ನೂರು ಮರ ಮುಗಿಸುತ್ತಿದ್ದ. ತೊಗಟೆಯ ಸಿಪ್ಪೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಬರುತ್ತಿತ್ತು, ಕತ್ತಿಯ ಮೊನೆ ಒಂದು ದಿನವೂ ಒಳಗಿನ ಮರಕ್ಕೆ ತಾಗಿದ್ದಿಲ್ಲ. ಆಟದಲ್ಲೂ ಅವನು ಕತ್ತಿಯನ್ನೇ ಆರಿಸಿಕೊಂಡ. ಬೀಫಾತುಮ್ಮ ಕೊಡಲಿ ಎಂದಳು. ಶೀಲಾವತಿಗೆ ಯಾವುದೂ ಕೈಗೆ ಹತ್ತುವಂತೆ ಕಾಣದೆ, ದೂರದಲ್ಲಿ ನಿಂತೇ ಹೊಡೆಯಬಹುದಲ್ಲ ಎಂದು ಬಿಲ್ಲು ಹಿಡಿದಳು. ಕುಶಾಲಪ್ಪನ ಆಳಿಗೆ ಕೋವಿ. ಆದರೆ ಅವನ ಆಳು ಮೊದಲ ಬಾಗಿಲಲ್ಲೇ ನಿಂತಿರುತ್ತಿತ್ತು, ಮುಂದೆ ಬರುತ್ತಿರಲಿಲ್ಲ.

ಭಾನುವಾರಗಳು ಹಾಗೆ ಕಳೆದವು. ಆಗಸ್ಟ್ ಕೊನೆಗೆ ಡೊಂಬಯ್ಯನ ಕತ್ತಿ ಹನ್ನೆರಡನೆಯ ಮೆಟ್ಟಿಲಲ್ಲಿತ್ತು. ಆರನೆಯ ಬಾಗಿಲಿನವನ ಬಲ ಹದಿನೆಂಟು. ಡೊಂಬಯ್ಯ ನಗುನಗುತ್ತಲೇ ಎಸೆದ. ಮೂರು ಬಿಳಿ. ಮತ್ತೆ ಎರಡು. ಮೂರನೆಯ ಸಲ ಎಂಟೂ ಬೀಜ ಕಪ್ಪು.

"ಬಿದ್ದಿ ಮಾರಾಯ," ಎಂದಳು ಬೀಫಾತುಮ್ಮ.

ಪಕ್ಕದ ಚೌಕದಲ್ಲಿ ಇದ್ದದ್ದು, ಅವನು ಗೆದ್ದ ಬಾಗಿಲುಗಳಲ್ಲಿ ಹಿಂದೆಯೇ ನುಸುಳಿ ಬಂದಿದ್ದ ಶೀಲಾವತಿಯ ಆಳು. ಅವಳ ಬಿಲ್ಲು ಎರಡನೆಯ ಮೆಟ್ಟಿಲು ದಾಟಿರಲಿಲ್ಲ. "ನಾನು ಎತ್ತಿಕೊಳ್ಳಲಾ?" ಎಂದು ಕೇಳಿದಳು. ಡೊಂಬಯ್ಯ ಕೈಬೀಸಿ, "ಎತ್ತಿ ಅಕ್ಕ, ಮಣ್ಣಿಗೆ ಹೋಗುದು ಯಾಕೆ," ಎಂದ. ಕುಶಾಲಪ್ಪ ಏನೋ ಹೇಳಲು ಬಾಯಿ ತೆರೆದವನು ಗೇಟಿನ ಕಡೆ ಮುಖ ತಿರುಗಿಸಿದ. ಅವಳು ಆಟದ ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರಿನ ಎದುರು ಕತ್ತಿ, ಆರು ಎಂದು ಬರೆದಳು.

ಸೆಪ್ಟೆಂಬರಿನಲ್ಲಿ ಮಳೆ ಹಿಂದೆ ಸರಿದು ಟ್ಯಾಪಿಂಗ್ ಶುರುವಾಯಿತು. ಮೊದಲ ದಿನ ಡೊಂಬಯ್ಯ ತಂದ ಬಕೆಟು ತಕ್ಕಡಿಯ ಮೇಲೆ ಹಗುರಾಗಿ ಕೂತಿತು. ಯಾವಾಗಲೂ ಇಪ್ಪತ್ತು ಕಿಲೋ ದಾಟುವವನದು ಆರು ಕಿಲೋ. ಶೀಲಾವತಿ ಮುಳ್ಳನ್ನು ಬೆರಳಿಂದ ತಟ್ಟಿ ನೋಡಿದಳು. ಮುಳ್ಳು ಸರಿ ಇತ್ತು.

"ಕತ್ತಿ ಮೊಂಡಾಗಿದೆಯಾ?"

"ಕತ್ತಿಗೆ ಏನೂ ಆಗಲಿಲ್ಲ ಅಕ್ಕ," ಎಂದ ಡೊಂಬಯ್ಯ. ಅವನು ತನ್ನ ಬಲಗೈಯನ್ನು ಬೇರೆಯವರ ಚೀಲ ಹಿಡಿದ ಹಾಗೆ ಮೈಯಿಂದ ದೂರ ಹಿಡಿದಿದ್ದ. "ಹೇಗೆ ಹಿಡಿಯುದು ಅಂತ ಗೊತ್ತಾಗುದಿಲ್ಲ."

ಒಂದು ವಾರದಲ್ಲಿ ಅವನ ಸಾಲಿನ ನಲವತ್ತು ಮರಗಳಿಗೆ ಗಾಯವಾಯಿತು. ತೋಟದ ರೈಟರ್ ಜತ್ತಪ್ಪ, ಟ್ಯಾಪರುಗಳ ಮೇಲ್ವಿಚಾರಣೆ ಅವನದು, ಒಂದೊಂದೇ ಮರಕ್ಕೆ ಬೆರಳು ಹಾಕಿ ನೋಡಿದ. "ಕುಡಿದು ಬರ್ತೀಯಾ? ಎಲುಬಿಗೆ ತಾಗಿಸಿದ್ದೀಯಲ್ಲ! ದೀಪಾವಳಿ ತನಕ ನೋಡ್ತೇನೆ. ಆಮೇಲೆ ನಿನ್ನ ದಾರಿ ನಿನಗೆ."

ಶೀಲಾವತಿಗೆ ಪಾಪ ಅನ್ನಿಸಿತು. ಒಂದು ಬೆಳಿಗ್ಗೆ ತೂಕ ಮುಗಿದ ಮೇಲೆ ಅವನ ಸಾಲಿಗೆ ಹೋದಳು. ಡೊಂಬಯ್ಯ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ, ಕತ್ತಿ ನೆಲದ ಮೇಲೆ. ಸಮಾಧಾನ ಹೇಳಲು ಬಗ್ಗಿದವಳು ಏನೂ ಯೋಚಿಸದೆ ಕತ್ತಿ ಎತ್ತಿಕೊಂಡಳು. ಹಿಡಿ ಅಂಗೈಯೊಳಗೆ ತಾನೇ ತಿರುಗಿ ಕೂತಿತು. ಹೆಬ್ಬೆರಳು ತನ್ನ ಜಾಗಕ್ಕೆ ಹೋಯಿತು. ಎಡದ ಮೇಲಿಂದ ಬಲದ ಕೆಳಕ್ಕೆ, ಹಳೆಯ ಗೀರಿನ ಗುಂಟ, ಕೈ ಒಂದೇ ಉಸಿರಿನಲ್ಲಿ ಇಳಿಯಿತು. ಸಿಪ್ಪೆ ತುಂಡಾಗದೆ ಸುರುಳಿಯಾಗಿ ಅವಳ ಪಾದದ ಮೇಲೆ ಬಿತ್ತು. ಗೀರಿನ ಉದ್ದಕ್ಕೂ ಬಿಳಿ ಹನಿಗಳು ಎದ್ದವು, ಕೂಡಿಕೊಂಡವು, ಹಾಲು ಹಿಡಿಯಲು ಕೆಳಗೆ ಕಟ್ಟಿದ ಚಿಪ್ಪಿನ ಕಡೆ ಹರಿದವು.

ಹನ್ನೊಂದು ವರ್ಷದಲ್ಲಿ ಅವಳು ಟ್ಯಾಪಿಂಗ್ ಕತ್ತಿಯನ್ನು ಮುಟ್ಟಿರಲಿಲ್ಲ.

ಡೊಂಬಯ್ಯ ಎದ್ದು ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಕಳೆದುಹೋದ ಹಸು ಬೇರೆಯವರ ಕೊಟ್ಟಿಗೆಯಲ್ಲಿ ಕಟ್ಟಿದ್ದನ್ನು ಕಂಡವನ ಹಾಗೆ ನೋಡಿದ.

"ಅದು ನನ್ನ ಕೈ," ಎಂದ ಮೆಲ್ಲಗೆ.

ಇಬ್ಬರಿಗೂ ಆಟದ ಕಟ್ಟಳೆ ನೆನಪಾಗಿ ಗೇಟಿನ ಕಡೆ ನಡೆದರು. ಕುಶಾಲಪ್ಪ ಕಾವಲಿನ ಕಟ್ಟೆಯ ಮೇಲೆ ಕೂತಿದ್ದ. ಇವರ ಮುಖ ಕಂಡದ್ದೇ ತಲೆ ತಗ್ಗಿಸಿದ. ಅಷ್ಟರಲ್ಲೇ ಶೀಲಾವತಿಗೆ ತಿಳಿಯಿತು.

"ನಿಮಗೆ ಗೊತ್ತಿತ್ತು!"

"ಗೊತ್ತಿತ್ತು ಅಂತ ಹೇಳಲಿಕ್ಕಾಗುದಿಲ್ಲ. ಇದ್ದಿರಬಹುದು ಅಂತ ಇತ್ತು."

ಬೀಫಾತುಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಕುಶಾಲಪ್ಪ ಹೇಳಿದ್ದು ಇಷ್ಟು. ಎಪ್ಪತ್ತೆರಡರಲ್ಲಿ ಅವನು ಮಿಲಿಟರಿ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ಮಲಗಿದ್ದ. ಅವನು ಸಿಪಾಯಿಯಲ್ಲ, ಅಡುಗೆಯವ. ಕುದಿಯುವ ಎಣ್ಣೆ ಕಾಲಿನ ಮೇಲೆ ಚೆಲ್ಲಿತ್ತು. ಪಕ್ಕದ ಮಂಚದ ಹವಾಲ್ದಾರ ಗುರಿಗೆ ಹೆಸರಾದವನು. ಹೊತ್ತು ಕಳೆಯಲು ಈ ಕೋಟೆಯನ್ನು ಆ ಹವಾಲ್ದಾರನೇ ಆಸ್ಪತ್ರೆಯ ಹೊದಿಕೆಯ ಮೇಲೆ ಬರೆದ. ಎತ್ತಿದವರಿಗೆ ಅರ್ಧ ಎಂಬ ಕಟ್ಟಳೆ ಅವನದೇ. ಒಂದು ದಿನ ಆಟದಲ್ಲಿ ಅವನ ಆಳು ಬಿದ್ದಿತು, ಕುಶಾಲಪ್ಪನ ಆಳು ಕೋವಿ ಎತ್ತಿಕೊಂಡಿತು.

"ಗುಣವಾದ ಮೇಲೆ ಅವನನ್ನು ಗುರಿ ಹೊಡೆಯಲಿಕ್ಕೆ ನಿಲ್ಲಿಸಿದರು. ಗೋಡೆಗೂ ತಾಗಲಿಲ್ಲ. ಎಲ್ಲರೂ ನಗಾಡಿದರು. ನಾನು ಸುಮ್ಮನೆ ತಮಾಷೆಗೆ ಅಂತ ಕೋವಿ ತಗೊಂಡೆ." ಕುಶಾಲಪ್ಪ ತನ್ನ ಅಂಗೈ ನೋಡಿಕೊಂಡ. "ಸೌಟು ಹಿಡಿದ ಕೈ ಇದು. ಒಂದೂ ತಪ್ಪಲಿಲ್ಲ. ಊರಿಗೆ ಬಂದ ಮೇಲೆ ಕೋವಿ ಮುಟ್ಟಿಲ್ಲ. ಆದರೆ ಕಣ್ಣು ಬಿಡುದಿಲ್ಲ. ನೀವು ಆ ತಿರುವಿನಲ್ಲಿ ಬರುವಾಗ ನೂರ ಹತ್ತು ಗಜ ಅಂತ ಕಣ್ಣು ಹೇಳಿತು. ಯಾರು ಬಂದರೂ ಹೇಳುತ್ತದೆ. ಯಾವಾಗ ಹೊಡೆದರೆ ಬೀಳ್ತಾರೆ ಅಂತ ಹೇಳುತ್ತದೆ."

"ಮತ್ತೆ ನಮಗೆ ಯಾಕೆ ಕಲಿಸಿದಿರಿ?"

"ನನ್ನ ಆಳು ಬಿದ್ದರೆ ಯಾರಾದರೂ ಎತ್ತಿಕೊಳ್ಳಲಿ ಅಂತ," ಎಂದ ಕುಶಾಲಪ್ಪ. "ಆದರೆ ಮುಂದೆ ನಡೆಸಲಿಕ್ಕೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಡೊಂಬಯ್ಯನದು ಬಿತ್ತು."

ಬೀಫಾತುಮ್ಮ ಅವನಿಗೆ ಒಂದು ವಾರ ಚಾ ಕೊಡಲಿಲ್ಲ.

ಹಿಂದೆ ಕೊಡುವುದು ಹೇಗೆ? ದಾರಿ ಒಂದೇ ಇತ್ತು. ಶೀಲಾವತಿಯ ಆಳು ಬೀಳಬೇಕು, ಡೊಂಬಯ್ಯನ ಹೊಸ ಆಳು ಪಕ್ಕದಲ್ಲಿ ನಿಂತು ಕತ್ತಿ ಎತ್ತಬೇಕು. ಆದರೆ ಆರರಲ್ಲಿ ಅರ್ಧ ಮೂರು. ಮೂರು ಮೆಟ್ಟಿಲಿನ ಕೈಯಲ್ಲಿ ಅವನು ಮರದ ಎಲುಬು ತಪ್ಪಿಸಲಾರ. ಹಾಗಾಗಿ ಅವಳು ಮೊದಲು ಏರಬೇಕಿತ್ತು. ಇಪ್ಪತ್ತನಾಲ್ಕಕ್ಕೆ ಏರಿ ಬಿದ್ದರೆ ಅವನಿಗೆ ಪೂರ್ತಿ ಹನ್ನೆರಡು. ದೀಪಾವಳಿಗೆ ಏಳು ಭಾನುವಾರಗಳಿದ್ದವು.

ಅವಳು ಎಸೆಯತೊಡಗಿದಳು. ಹಿಂದಿನ ಬಾಗಿಲುಗಳಿಗೆ ವಾರ ವಾರವೂ ಹೊಸ ಕಾವಲಿನವರು ಬರುವುದು ಕಟ್ಟಳೆ. ಅವರನ್ನು ಒಬ್ಬೊಬ್ಬರಾಗಿ ಕಡಿದಳು. ಎಂಟು, ಹತ್ತು, ಹದಿಮೂರು. ಸೋಲುವುದೇ ಅಪರೂಪವಾಯಿತು. ಮೊದಲೆಲ್ಲ ಅವಳು ಎಸೆದರೆ ಅರ್ಧ ಬೀಜ ಬೆಂಚಿನ ಕೆಳಗೆ ಹೋಗುತ್ತಿದ್ದವು. ಈಗ ಅವು ಅವಳ ಬೆರಳು ಬಿಟ್ಟ ಮೇಲೂ ಎಲ್ಲಿ ಬೀಳಬೇಕೆಂದು ತಿಳಿದಂತೆ ಬೀಳುತ್ತಿದ್ದವು.

ಕೈಯೂ ಏರುತ್ತಿತ್ತು. ಮನೆಯಲ್ಲಿ ಸೌತೆಕಾಯಿ ಸಿಪ್ಪೆ ಒಂದೇ ಎಳೆಯಾಗಿ ಬಂತು. ತಿಮ್ಮಕ್ಕ ಅದನ್ನು ಬೆಳಕಿಗೆ ಹಿಡಿದು, ಆಚೆಯ ಗೋಡೆ ಕಾಣ್ತದಲ್ಲ ಎಂದು ಬೆರಗಾದಳು. ಶೀಲಾವತಿಗೆ ಹೆಮ್ಮೆಯಾಯಿತು. ಅದನ್ನು ಮುಚ್ಚಿಡುವುದೇಕೆ? ಕೆಲವು ಬೆಳಿಗ್ಗೆ, ತಕ್ಕಡಿಗೆ ಹೋಗುವ ಮುಂಚೆ, ಡೊಂಬಯ್ಯನ ಸಾಲಿನ ಐವತ್ತು ಮರಗಳನ್ನು ಅವಳೇ ಮುಗಿಸಿಕೊಡುತ್ತಿದ್ದಳು. ಅವನಿಗೆ ತೂಕ ಬರಲಿ ಎಂದೇ ಮಾಡಿದ್ದು ಹೌದು. ಆದರೆ ಕತ್ತಿ ಇಳಿಯುವಾಗ ಎದೆಯೊಳಗೆ ಏನೋ ತೆರೆದುಕೊಳ್ಳುತ್ತಿತ್ತು, ಅದನ್ನು ಬಿಟ್ಟುಕೊಡುವ ದಿನ ನೆನಪಾದರೆ ಅವಳು ಬೇರೆ ಕಡೆ ನೋಡುತ್ತಿದ್ದಳು.

ಹದಿನೇಳನೆಯ ಮೆಟ್ಟಿಲಿನ ಹೊತ್ತಿಗೆ ಕೈ ಮರಗಳಾಚೆಗೂ ನೋಡತೊಡಗಿತು. ಬಾಳೆದಿಂಡು, ಕೆಸುವಿನ ದಂಟು, ಹಸುವಿನ ಕಾಲು. ಚರ್ಮವಿರುವ ಯಾವುದನ್ನು ಕಂಡರೂ ಹೆಬ್ಬೆರಳು ಓರೆ ಅಳೆಯುತ್ತಿತ್ತು. ಎಲ್ಲಿ ಶುರು ಮಾಡುವುದು, ಎಷ್ಟು ಆಳ, ಚಿಪ್ಪು ಎಲ್ಲಿ ಕಟ್ಟುವುದು. ಸುಳ್ಯಕ್ಕೆ ಹೋಗುವ ಬಸ್ಸಿನಲ್ಲಿ ಒಮ್ಮೆ ಅವಳ ಮುಂದಿನ ಸೀಟಿನಲ್ಲಿ ಒಬ್ಬ ಮುದುಕ ಕೂತಿದ್ದ, ಶಾಲು ಜಾರಿತ್ತು. ಅವಳು ಪೈಚಾರು ದಾಟುವ ತನಕ ಅವನ ಕತ್ತಿನಿಂದ ಕಣ್ಣು ತೆಗೆಯಲಿಲ್ಲ. ಇಳಿಯಲು ಎದ್ದಾಗ ನೋಡಿದರೆ ಮುಂದಿನ ಸೀಟಿನ ರೆಕ್ಸಿನ್ ಮೇಲೆ ಉಗುರಿನಿಂದ ಎಳೆದ ಓರೆ ಗೀರುಗಳು, ಒಂದರ ಕೆಳಗೊಂದು, ಕೂದಲೆಳೆಯಷ್ಟು ಅಂತರದಲ್ಲಿ. ಎಳೆದದ್ದು ಅವಳಿಗೆ ನೆನಪಿರಲಿಲ್ಲ.

ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಇನ್ನು ಎರಡು ವಾರ ತಾನೇ ಎಂದುಕೊಂಡಳು.

ದೀಪಾವಳಿಗೆ ಹತ್ತು ದಿನ ಇರುವಾಗ, ಬೆಳಗಿನ ಬಿಸಿಲಿನಲ್ಲಿ ತಿಮ್ಮಕ್ಕ ಜಗಲಿಯ ಮೇಲೆ ತಲೆ ಬಗ್ಗಿಸಿ ಕೂತು, "ಹೇನು ಉಂಟಾ ನೋಡು," ಎಂದಳು. ಶೀಲಾವತಿ ಹಿಂದೆ ಕೂತು ಅಕ್ಕನ ಕೂದಲನ್ನು ಮುಂದಕ್ಕೆ ಸರಿಸಿದಳು. ನರೆಗೂದಲ ಕೆಳಗೆ ಬೆಳ್ಳನೆಯ ಕುತ್ತಿಗೆ ಕಾಣಿಸಿತು. ಅಕ್ಕ ಆಲಂಕಾರಿನ ಮದುವೆಯೊಂದರ ಸುದ್ದಿ ಹೇಳುತ್ತಿದ್ದಳು, ಊಟಕ್ಕೆ ಎಷ್ಟು ಜನ, ಪಾಯಸ ಹೇಗೆ ತಳ ಹಿಡಿಯಿತು ಅಂತೆಲ್ಲ. ಶೀಲಾವತಿ ಹೂಂ ಹೂಂ ಅನ್ನುತ್ತಿದ್ದಳು. ಆಮೇಲೆ ಅಕ್ಕ, "ಎಂತದ್ದು, ನೀನು ಮಾತಾಡುದಿಲ್ಲ?" ಎಂದದ್ದು ಕೇಳಿ ಕೆಳಗೆ ನೋಡಿದಳು.

ಅಕ್ಕನ ಕುತ್ತಿಗೆಯ ಮೇಲೆ ಎಡದ ಮೇಲಿಂದ ಬಲದ ಕೆಳಕ್ಕೆ ಉಗುರಿನಿಂದ ಎಳೆದ ಒಂದು ಕೆಂಪು ಗೀರು. ನೂಲಿನಷ್ಟು ಸಪೂರ. ಒಂದು ತೊಟ್ಟು ರಕ್ತವಿಲ್ಲ. ಗೀರಿನ ಕೆಳತುದಿಯಲ್ಲಿ, ಮರಕ್ಕೆ ಚಿಪ್ಪು ಕಟ್ಟುವ ಜಾಗದಲ್ಲಿ, ಅವಳ ಎಡಗೈ ಬೊಗಸೆಯಾಗಿ ಕಾಯುತ್ತಿತ್ತು. ಅಕ್ಕನಿಗೆ ನೋವೇ ಆಗಿರಲಿಲ್ಲ. ಅಷ್ಟು ಒಳ್ಳೆಯ ಕೈ.

ಶೀಲಾವತಿ ಎದ್ದು ಹಿತ್ತಲಿಗೆ ಹೋದಳು. ಮಧ್ಯಾಹ್ನದವರೆಗೂ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡಳು. ಅವತ್ತು ಭಾನುವಾರ.

"ಇವತ್ತೇ ಆಗಬೇಕು," ಎಂದಳು ಚಾದಂಗಡಿಗೆ ಬಂದವಳು. "ಏಳನೆಯ ಬಾಗಿಲಿಗೆ ಹೋಗ್ತೇನೆ."

"ಇಪ್ಪತ್ತು ಅಷ್ಟೇ ಆಗಿದೆ ಅಕ್ಕ," ಎಂದ ಡೊಂಬಯ್ಯ. "ಇನ್ನೊಂದು ವಾರ..."

"ಇನ್ನೊಂದು ವಾರ ನನ್ನಿಂದ ಆಗುದಿಲ್ಲ!"

ಡೊಂಬಯ್ಯ ತನ್ನ ಆಳನ್ನು ಅವಳ ಪಕ್ಕದ ಚೌಕಕ್ಕೆ ತಂದ. ಏಳನೆಯ ಬಾಗಿಲಿನಲ್ಲಿ ಒಂಬತ್ತು ಮಂದಿ ಕಾವಲು, ಒಬ್ಬೊಬ್ಬನ ಬಲ ಇಪ್ಪತ್ತಾರು. ಆರು ಬಿಳಿ ಬೀಳದಿದ್ದರೆ ಅವಳು ಸೋಲುತ್ತಾಳೆ. ಅವಳು ಎಸೆದಳು. ಏಳು ಬಿಳಿ. ಮತ್ತೆ ಎಸೆದಳು. ಎಂಟು. ಕಣ್ಣು ಮುಚ್ಚಿ ಎಸೆದಳು. ಎಂಟೂ ಬೀಜ ಬೆಳ್ಳಗೆ ಹಲ್ಲು ಕಿರಿದಂತೆ ಬೆಂಚಿನ ಮೇಲೆ ಕೂತಿದ್ದವು.

"ಇಪ್ಪತ್ತೊಂದು," ಎಂದ ಕುಶಾಲಪ್ಪ ತಗ್ಗಿದ ದನಿಯಲ್ಲಿ.

"ಅದು ನಿನ್ನನ್ನು ಬಿಡುದಿಲ್ಲ ಮಾರಾಯ್ತಿ," ಎಂದು ಬೀಫಾತುಮ್ಮ ತಲೆಯ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು.

ಶೀಲಾವತಿ ತನ್ನ ಕೈ ನೋಡಿದಳು. ಅದು ಆಗಲೇ ಬೀಜಗಳನ್ನು ಒಟ್ಟುಮಾಡುತ್ತಿತ್ತು. ಅವಳು ಕೇಳದೆಯೇ, ಬೆರಳ ತುದಿಯಿಂದ, ಒಂದೊಂದನ್ನೂ ಬಿಳಿ ಮೈ ಮೇಲಾಗಿಸಿಕೊಂಡು. ಆಗ ಅವಳಿಗೆ ಹೊಳೆಯಿತು. ಬಲಗೈಯನ್ನು ತೊಡೆಯ ಕೆಳಗೆ ತಳ್ಳಿ ಅದರ ಮೇಲೆ ಕೂತಳು. ಎಡಗೈಯಿಂದ ಬೀಜಗಳನ್ನು ಬಾಚಿ ಎಸೆದಳು. ಮೂರು ಬೆಂಚಿನಿಂದ ಕೆಳಗೆ ಬಿದ್ದವು. ಉಳಿದವುಗಳಲ್ಲಿ ಒಂದೇ ಬಿಳಿ. ತೊಡೆಯ ಕೆಳಗೆ ಬಲಗೈ ಹಿಡಿದಿಟ್ಟ ಹಾವಿನಂತೆ ತಿರುಗುತ್ತಿತ್ತು. ಎರಡನೆಯ ಸಲ ಮೂರು. ಮೂರನೆಯ ಸಲ ಎಸೆಯುವ ಮೊದಲು ಅವಳು ತಡೆದಳು. ಅಳು ಬಂದಿತ್ತು. ಆ ಕೈಗೆ ಏನಾದರೂ ಬಂದದ್ದು ಅವಳ ಬದುಕಿನಲ್ಲಿ ಅದೊಂದೇ ಸಲ. ಎಸೆದಳು. ಎರಡು.

"ಬಿದ್ದಿತು," ಎಂದ ಕುಶಾಲಪ್ಪ.

ಡೊಂಬಯ್ಯ ಅವಳ ಮುಖವನ್ನೂ ಅವಳು ಕೂತಿದ್ದ ಕೈಯನ್ನೂ ನೋಡಿದ. ಹೊರಗೆ ಯಾರದೋ ಸೈಕಲ್ ಗಂಟೆ ಕೇಳಿಸಿತು, ದೂರ ಹೋಯಿತು. "ಬೇಗ ಹೇಳು," ಎಂದಳು ಬೀಫಾತುಮ್ಮ. ಅವನು ಕಣ್ಣು ಮುಚ್ಚಿ, "ಎತ್ತಿದೆ," ಎಂದ.

ಶೀಲಾವತಿಯ ತೊಡೆಯ ಕೆಳಗೆ ಕೈ ಸುಮ್ಮನಾಯಿತು.

ಮರುದಿನ ಡೊಂಬಯ್ಯನ ಬಕೆಟು ಹದಿನಾರು ಕಿಲೋ ತೂಗಿತು. ಹತ್ತು ಮೆಟ್ಟಿಲಿನ ಕೈ, ಹನ್ನೆರಡರದ್ದಲ್ಲ. ಆದರೂ ಮರಕ್ಕೆ ಗಾಯವಾಗಲಿಲ್ಲ. ಜತ್ತಪ್ಪ ನಾಲ್ಕು ದಿನ ಬೆನ್ನ ಹಿಂದೆ ನಿಂತು ನೋಡಿ, "ಕುಡಿಯುದು ಬಿಟ್ಟಿ ಅಂತ ಕಾಣ್ತದೆ," ಎಂದು ಹೋದ.

ಕುಶಾಲಪ್ಪ ಬುಧವಾರ ಬಂದ, ಹಗಲು ಹನ್ನೊಂದಕ್ಕೆ, ಹೊದಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು. ತೂಕದ ಶೆಡ್ಡಿನಲ್ಲಿ ಶೀಲಾವತಿಯೂ ಡೊಂಬಯ್ಯನೂ ಇದ್ದರು, ಬೀಫಾತುಮ್ಮ ಚಾ ತಂದಿದ್ದಳು. ಅವನು ಹೊದಿಕೆ ಬಿಡಿಸಿ, ತನ್ನ ಆಳನ್ನು ಮೊದಲ ಬಾಗಿಲಿನಿಂದ ಎತ್ತಿ ಏಳನೆಯ ಬಾಗಿಲಿನ ಮುಂದೆ ನಿಲ್ಲಿಸಿದ.

"ನಾನೂ ಬೀಳ್ತೇನೆ," ಎಂದ. "ಯಾರಾದರೂ ಎತ್ತಿಕೊಳ್ಳಿ. ಅರ್ಧವೇ ಅಲ್ಲವಾ ಬರುದು? ಅರ್ಧ ಅಷ್ಟು ತೊಂದರೆ ಕೊಡ್ಲಿಕ್ಕಿಲ್ಲ."

ಅವನ ಕಣ್ಣು ಒಬ್ಬೊಬ್ಬರ ಮೇಲೂ ಒಂದು ಕ್ಷಣ ನಿಂತು ಮುಂದೆ ಹೋಯಿತು. ಆ ಕಣ್ಣು ಈಗಲೂ ಅಳೆಯುತ್ತಿದೆ ಎಂದು ಶೀಲಾವತಿಗೆ ಗೊತ್ತಿತ್ತು. ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ಹನ್ನೊಂದು ವರ್ಷ ಇಂಥದ್ದನ್ನು ಹೊತ್ತವನು. ಅವಳಿಗೆ ಒಂದೂವರೆ ತಿಂಗಳೇ ಸಾಕಾಗಿತ್ತು.

"ಯಾರೂ ಎತ್ತದಿದ್ದರೆ?" ಎಂದು ಕೇಳಿದಳು.

"ಹಾಗೆ ಕಟ್ಟಳೆಯಲ್ಲಿ ಇಲ್ಲ. ಆಸ್ಪತ್ರೆಯಲ್ಲಿ ಯಾವಾಗಲೂ ಯಾರಾದರೂ ಎತ್ತುತ್ತಿದ್ದರು."

"ಇಲ್ಲದಿದ್ದರೆ ಈಗ ಬರೆಯಿರಿ. ಒಂದು ಸುತ್ತು ಯಾರೂ ಎತ್ತದಿದ್ದರೆ ಪೂರ್ತಿ ಮಣ್ಣಿಗೆ."

ಕುಶಾಲಪ್ಪ ಪೆನ್ಸಿಲ್ ತೆಗೆದು ಹೊದಿಕೆಯ ಅಂಚಿಗೆ ಬಗ್ಗಿ ಬರೆದ. ಎಡಗೈಯಿಂದ ಎಸೆದ. ಅವನ ಬೀಜಗಳು ಅಷ್ಟೊಂದು ಹಟ ಮಾಡಲಿಲ್ಲ, ಮೂರೇ ಸಲಕ್ಕೆ ಆಳು ಬಿದ್ದಿತು. ಶೀಲಾವತಿ, "ನಾನು ಎತ್ತುದಿಲ್ಲ," ಎಂದಳು. ಬೀಫಾತುಮ್ಮ, "ನನಗೆ ಬೇಡ," ಎಂದಳು. ಡೊಂಬಯ್ಯನ ಸರದಿ. ಅವನು ಬಾಯಿ ತೆರೆದವನು ನಿಲ್ಲಿಸಿ ಶೆಡ್ಡಿನ ಬಾಗಿಲಿನ ಕಡೆ ತಿರುಗಿದ. ಎಲ್ಲರೂ ತಿರುಗಿದರು. ಬಾಗಿಲಿನಲ್ಲಿ ಯಾರೂ ಇರಲಿಲ್ಲ. ಆದರೆ ನಾಲ್ವರಿಗೂ ಅಲ್ಲಿ ಐದನೆಯವನೊಬ್ಬ ತನ್ನ ಸರದಿಗೆ ಕಾದು ನಿಂತ ಹಾಗೆ ಅನ್ನಿಸಿತು.

"ಎತ್ತುದಿಲ್ಲ!" ಎಂದು ಡೊಂಬಯ್ಯ ಕಿರುಚಿಯೇಬಿಟ್ಟ. ಬೀಫಾತುಮ್ಮ ಹೊದಿಕೆಯನ್ನು ಬೀಜಗಳ ಸಮೇತ ಮುದ್ದೆ ಮಾಡಿ, ರಬ್ಬರ್ ಹಾಳೆ ಒಣಗಿಸುವ ಹೊಗೆಮನೆಯ ಒಲೆಗೆ ತುರುಕಿದಳು.

ಕುಶಾಲಪ್ಪ ಹೊರಗೆ ಹೋಗಿ ರಸ್ತೆಯ ತಿರುವನ್ನು ನೋಡುತ್ತ ನಿಂತ. "ಎಷ್ಟು ದೂರ ಇರಬಹುದು ಅದು?" ಎಂದು ಕೇಳಿದ, ತನ್ನನ್ನೇ ಕೇಳಿಕೊಂಡ ಹಾಗೆ. ಕಣ್ಣು ಏನೂ ಹೇಳಲಿಲ್ಲ. ಅವನು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತ. ಮುಂದಿನ ವರ್ಷ ಕಾವಲು ಬಿಟ್ಟು ಕಡಬದ ಕಡೆ ಅಡುಗೆಯವರ ಜೊತೆ ಸೇರಿದನಂತೆ. ಅವನ ಸಾಂಬಾರು ಚೆನ್ನಾಗಿರುತ್ತದೆ ಎಂದು ಮದುವೆ ಮನೆಗಳಿಂದ ಬಂದವರು ಹೇಳುತ್ತಿದ್ದರು.

ಶೀಲಾವತಿಗೆ ಆಮೇಲೆ ತರಕಾರಿ ಹೆಚ್ಚಲು ಕೂಡ ಬರಲಿಲ್ಲ. ಚೂರಿ ಹಿಡಿದರೆ ಮೂರು ವರ್ಷದ ಮಗುವಿನ ಹಾಗೆ ಹಿಡಿಯುತ್ತಿದ್ದಳು. ಇದೆಂತ ರೋಗವೋ ಎಂದು ತಿಮ್ಮಕ್ಕ ಗೊಣಗುತ್ತ ತಾನೇ ಹೆಚ್ಚಿಕೊಡುತ್ತಿದ್ದಳು. ಎಂಬತ್ತಾರರಲ್ಲಿ ತೋಟದವರು ಹೆಂಗಸರಿಗೂ ಟ್ಯಾಪಿಂಗ್ ಕಲಿಸುವುದೆಂದು ಮಾಡಿದಾಗ ಅವಳು ಮೊದಲ ದಿನವೇ ಹೆಸರು ಕೊಟ್ಟಳು. ಕಡಿಯಲಿಕ್ಕೆಂದು ಗುರುತು ಹಾಕಿದ್ದ ಮುದಿಮರಗಳ ಸಾಲಿನಲ್ಲಿ ಡೊಂಬಯ್ಯ ಅವಳ ಮಣಿಕಟ್ಟು ಹಿಡಿದು ತೋರಿಸಿದ. ಅವತ್ತು ಅವಳು ನಾಲ್ಕು ಮರ ಹಾಳು ಮಾಡಿದಳು, ಬೆರಳು ಕೊಯ್ದುಕೊಂಡಳು. "ನಾಳೆಯೂ ಬರ್ತೀರಾ?" ಎಂದು ಅವನು ಕೇಳಿದ. ಬೆರಳನ್ನು ಬಾಯಲ್ಲಿ ಇಟ್ಟುಕೊಂಡೇ ಅವಳು ತಲೆಯಾಡಿಸಿದಳು.